ಗುದ್ದಿದ ಮರುದಿನ ಮಾಡಿಸಿದ ಇನ್ಶೂರೆನ್ಸ್

ನಾನು ಶಟರ್ ಎತ್ತುವ ಮೊದಲೇ ಅಂಗಡಿ ಮುಂದೆ ಯಾರಾದರೂ ನಿಂತಿದ್ದಾರೆ ಅಂದರೆ ಅವರಿಗೆ ಏನೋ ಆಗಿದೆ ಅಂತಲೇ ಲೆಕ್ಕ. ಇನ್ಶೂರೆನ್ಸ್ ಮಾಡಿಸಬೇಕು ಅಂತ ಆಸೆಪಟ್ಟು ಬೆಳಿಗ್ಗೆ ಎದ್ದು ಬರುವವರನ್ನು ನಾನಿನ್ನೂ ನೋಡಿಲ್ಲ. ಪೊಲೀಸರು ಹಿಡಿದ ಮೇಲೆ ಬರುತ್ತಾರೆ, ಗಾಡಿ ಎಫ್‌ಸಿಗೆ ಹೋದಾಗ ಬರುತ್ತಾರೆ, ಇಲ್ಲವೇ ಗಾಡಿ ಮಾರುವಾಗ ಬರುತ್ತಾರೆ.

ನಮ್ಮ ಅಂಗಡಿ ರಾಮನಗರದಲ್ಲಿ, ಆರ್‌ಟಿಓ ಆಫೀಸಿಗೆ ಹೋಗುವ ದಾರಿಯಲ್ಲಿ. ಒಂದು ಮೇಜು, ಒಂದು ಕಂಪ್ಯೂಟರ್, ಬೈದರೆ ಮಾತ್ರ ಕೆಲಸ ಮಾಡುವ ಒಂದು ಪ್ರಿಂಟರ್, ಪಕ್ಕದಲ್ಲಿ ಹೊಗೆ ಪರೀಕ್ಷೆಯ ಮೆಷಿನ್. ಹೊಗೆ ಓನರ್ ಅಣ್ಣನದು, ಇನ್ಶೂರೆನ್ಸ್ ನನ್ನದು. ಪಿಯುಸಿ ಮುಗಿಸಿ ಕೂತಿದ್ದವಳಿಗೆ ಅಣ್ಣನೇ ಏಜೆಂಟ್ ಪರೀಕ್ಷೆ ಕಟ್ಟಿಸಿದ್ದರು. ಹದಿನೈದು ಗಂಟೆಯ ಆನ್‌ಲೈನ್ ತರಬೇತಿ, ಅದರಲ್ಲಿ ಅರ್ಧವನ್ನು ನಾನು ನಿದ್ದೆಯಲ್ಲೇ ಕೇಳಿಸಿಕೊಂಡೆ. ಆದರೂ ಪಾಸಾದೆ. ಜಿಲ್ಲೆಗೇ ಫಸ್ಟ್ ಬಂದೆ ಅಂತ ಮನೆಯಲ್ಲಿ ಹೇಳಿದ್ದೇನೆ. ಆ ಪರೀಕ್ಷೆಗೆ ರ‍್ಯಾಂಕ್ ಇರುವುದಿಲ್ಲ ಅನ್ನುವುದು ಮನೆಯವರಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ.

ಆವತ್ತು ಶಟರ್ ಮುಂದೆ ನಿಂತಿದ್ದವರು ಮಾವಿನ ಮಂಡಿಯ ಸಾವ್ಕಾರ್ರು. ಅವರ ಬಿಳಿ ಅಂಗಿ ಎಷ್ಟು ಬಿಳಿ ಅಂದರೆ, ಅದರ ಮುಂದೆ ನಮ್ಮ ಟ್ಯೂಬ್‌ಲೈಟ್ ಹಳದಿ ಕಾಣುತ್ತಿತ್ತು.

“ಅಮ್ಮಿ, ನಮ್ ಪಿಕಪ್‌ಗೆ ಒಂದ್ ಇನ್ಶೂರೆನ್ಸ್ ಹಾಕ್ಕೊಡು. ನೆನ್ನೆಯಿಂದ ಹಾಕು.”

“ನೆನ್ನೆಯಿಂದ ಆಗಲ್ಲ ಸಾವ್ಕಾರ್ರೇ. ಈಗಿಂದಾನೇ ಶುರುವಾಗದು.”

“ದುಡ್ ಪೂರ್ತಿ ಕೊಡ್ತೀನಿ ಕಣವ್ವ.”

“ದುಡ್ಡಿನ್ ಮಾತಲ್ಲ. ಕಂಪ್ಯೂಟ್ರು ಹಿಂದಕ್ಕೆ ಹೋಗಲ್ಲ.”

“ನಮ್ ಡ್ರೈವರ್ ರಿವರ್ಸ್ ಹಾಕ್ತಾನೆ, ನಿನ್ ಕಂಪ್ಯೂಟ್ರುಗೆ ಆಗಲ್ವಾ? ಸರಿ, ಈಗಿಂದಾನೇ ಹಾಕು. ಬಿರ‍್ನೆ ಹಾಕು.”

ಗಾಡಿ ನಂಬರ್ ಹೊಡೆದೆ. ಹಳೇ ಪಾಲಿಸಿ ದಸರಾ ಹೊತ್ತಿಗೇ ಮುಗಿದಿತ್ತು. ಆಯುಧಪೂಜೆಗೆ ಗಾಡಿ ತೊಳೆದು, ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ್ದವರು ಪಾಲಿಸಿಯೊಂದನ್ನು ಮರೆತಿದ್ದರು. ಥರ್ಡ್ ಪಾರ್ಟಿ ಪಾಲಿಸಿಗೆ ಗಾಡಿಯನ್ನು ಕಣ್ಣಲ್ಲಿ ನೋಡಬೇಕು ಅಂತೇನೂ ಇಲ್ಲ. ಆರ್‌ಸಿ ಇದ್ದರೆ ಸಾಕು. ನಾನು ಕಣ್ಣು ಮಿಟುಕಿಸುವುದರೊಳಗೆ ಮಾಡಿಕೊಟ್ಟೆ. ಅಷ್ಟು ಬೇಗ ಏನಲ್ಲ, ಪ್ರಿಂಟರ್‌ಗೆ ಬೈಯುವ ಹೊತ್ತೂ ಸೇರಿಸಿದರೆ ಕಾಲು ಗಂಟೆ ಆಯಿತು. ಪಾಲಿಸಿ ಯಾವ ಗಳಿಗೆಯಿಂದ ಜಾರಿ ಅನ್ನುವುದು ತಲೆಯ ಮೇಲೇ ನಿಮಿಷದ ಸಮೇತ ಅಚ್ಚಾಗಿ ಬರುತ್ತದೆ. ಸಾವ್ಕಾರ್ರು ಅದನ್ನೇ ಬೆರಳಿಟ್ಟು ನೋಡಿದರು.

“ಇನ್ನೊಂದ್ ಗಂಟೆ ಬಿಟ್ಟು ಏನಾರ ಆದ್ರೆ ಇದು ಕೊಡ್ತದಲ್ವಾ?”

“ಕೊಡ್ತದೆ.”

“ಸರಿ ಬುಡು.”

ಮುಂದಾಲೋಚನೆ ಇರುವ ಮನುಷ್ಯ ಅಂದುಕೊಂಡೆ. ಮೇಜಿನ ಮೇಲೆ ಎರಡು ಬಾದಾಮಿ ಮಾವಿನ ಹಣ್ಣು ಇಟ್ಟು ಹೋದರು. ಒಂದನ್ನು ಓನರ್ ಅಣ್ಣ ಬರುವ ಮೊದಲೇ ತಿಂದೆ. ಇನ್ನೊಂದು ಇತ್ತು ಅನ್ನುವುದೇ ಅಣ್ಣನಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಒಬ್ಬ ಅಕ್ಕ ಬಂದರು. ಕನಕಪುರ ರಸ್ತೆ ಕಡೆಯ ಹಳ್ಳಿ, ಕುರಿ ಸಾಕುವ ಮನೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಅವರ ಮೊಪೆಡ್ಡಿನ ಪಾಲಿಸಿ. ಹೋದ ತಿಂಗಳು ನಮ್ಮಲ್ಲೇ ಮಾಡಿಸಿದ್ದು. ಹಿಂದಿನ ದಿನ ಸಂಜೆ ಅವರ ಗಂಡ ಬೂಸಾ ಮೂಟೆ ಹಾಕಿಕೊಂಡು ಬರುತ್ತಿದ್ದಾಗ, ತಿರುವಿನಲ್ಲಿ ಎದುರಿಂದ ಬಂದ ಪಿಕಪ್ ಗುದ್ದಿತ್ತು. ಮಂಡಿ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಪಿಕಪ್ಪಿನಲ್ಲೇ ಇದ್ದ ಅದರ ಯಜಮಾನರು ತಾವೇ ಇಳಿದು, ಮಾವಿನ ಕ್ರೇಟುಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ತಂದು ಸೇರಿಸಿದ್ದರು.

“ಒಳ್ಳೇ ಮನ್ಸ ಕಣವ್ವ. ಬಿಟ್ಟೋಡೋಗ್ಲಿಲ್ಲ. ನಾಳೆ ರಾಡ್ ಹಾಕ್ತಾರಂತೆ, ಅದು ಸರ್ಕಾರದ್ ಕಾರ್ಡಲ್ಲಿ ಆಯ್ತದಂತೆ. ಆರು ತಿಂಗ್ಳು ಬುಟ್ಟು ಇನ್ನೊಂದು ಆಪ್ರೇಸನ್ನಂತೆ, ಅದು ಕಾರ್ಡಲ್ಲಿ ಬತ್ತದೋ ಇಲ್ವೋ ಗೊತ್ತಿಲ್ಲ ಅಂದ್ರು. ವರ್ಸ ಕುರಿ ಹಿಂದೆ ಹೋಗಂಗಿಲ್ವಂತೆ. ಆಸ್ಪತ್ರೆ ನೋಡ್ಲಾ, ಕುರಿ ನೋಡ್ಲಾ? ಮಂದೆ ಎಲ್ಲಾನೂ ಸಂತೆಗೆ ಹೊಡ್ಕೊಂಡೋಗದೆಯಾ ಅಂತ ನಮ್ ಮೈದ ಕೇಳ್ತಾವ್ನೆ. ಅದ್ಕೇ ಬಂದೆ. ಇದ್ರಲ್ಲಿ ಏಟ್ ಕೊಡ್ತಾರೆ ನೋಡು.”

ನನಗೆ ಪಾಠ ಮಾಡುವುದಂದರೆ ಬಲು ಇಷ್ಟ. ಕುರ್ಚಿ ಎಳೆದು ಕೂರಿಸಿದೆ.

“ಅಕ್ಕ, ಈ ಪಾಲಿಸಿ ಅಂದ್ರೆ ನೀವ್ ಸಾಕಿರೋ ನಾಯಿ ಇದ್ದಂಗೆ. ಊಟ ಹಾಕೋರು ನೀವು. ಆದ್ರೆ ಅದು ಕಾಯದು ಪಕ್ಕದ್ ಮನೇನ. ನಿಮ್ ಮೊಪೆಡ್ಡು ಯಾರಿಗಾರ ಗುದ್ದುದ್ರೆ ಅವ್ರಿಗೆ ಕೊಡ್ತದೆ. ನಿಮ್ಗಲ್ಲ.”

“ಇದ್ಯಾವ್ ಸೀಮೆ ನಾಯಿ? ಹಂಗಾರೆ ನಮ್ನ ಕಾಯೋದ್ಯಾವ್ದು?”

“ಪಕ್ಕದ್ ಮನೆ ನಾಯಿ. ಗುದ್ದುದೋರ ಪಾಲಿಸಿ.”

“ಅವ್ರು ಸಾಕಿಲ್ದೇ ಇದ್ರೆ?”

ಅದು ಪಾಠದ ಕೊನೆಯಲ್ಲಿ ಬರುವ ಪ್ರಶ್ನೆ, ಅಕ್ಕ ಮೊದಲೇ ಕೇಳಿಬಿಟ್ಟರು. ನಾನು ಪಾಲಿಸಿ ತಿರುಗಿಸಿ, ಮಾಲೀಕನ ಅಪಘಾತ ವಿಮೆ ಅಂತ ಇರುವ ಸಾಲು ತೋರಿಸಿದೆ. ಗಾಡಿ ಮಾಲೀಕನೇ ಸತ್ತರೆ, ಇಲ್ಲವೇ ಕೈಕಾಲು ಕಣ್ಣು ಪೂರ್ತಿ ಹೋದರೆ ಅದರಲ್ಲಿ ಬರುತ್ತದೆ. ಮುರಿದರೆ ಬರುವುದಿಲ್ಲ.

“ಕಾಲು ಹೋಗಿದ್ರೆ ಐತೆ, ಇದ್ರೆ ಇಲ್ಲ ಅನ್ನು.”

“ಹೂಂ ಅಕ್ಕ.”

“ಅಯ್ಯೋ, ನಮ್ ಯಜಮಾನ ಕಾಲ್ ಉಳಿಸ್ಕೊಂಡು ತಪ್ ಮಾಡ್ಬುಟ್ಟ.”

ಗುದ್ದಿ ಓಡಿಹೋದ ಗಾಡಿ ಸಿಗದೇ ಇದ್ದರೆ ಸರ್ಕಾರದ ಒಂದು ನಿಧಿಯಿಂದ ಸ್ವಲ್ಪ ಪರಿಹಾರ ಬರುತ್ತದೆ ಅಂತಲೂ ಹೇಳಿದೆ. ಇವರಿಗೆ ಅದೂ ಇಲ್ಲ, ಯಾಕೆಂದರೆ ಗುದ್ದಿದವರು ಓಡಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡಿದರು. ಈ ಕಾನೂನೆಲ್ಲ ನಾನೇ ಕೂತು ಬರೆದಿದ್ದೇನೆ ಅನ್ನುವ ಹಾಗಿತ್ತು ಆ ನೋಟ.

“ಪಿಕಪ್ ನಂಬರ್ ಐತಾ?”

ಅಕ್ಕ ಅಂಗೈ ಚಾಚಿದರು. ಆಸ್ಪತ್ರೆಯ ನರ್ಸ್ ಪೆನ್ನಿನಲ್ಲಿ ಬರೆದುಕೊಟ್ಟಿದ್ದು, ಬೆವರಿಗೆ ಅರ್ಧ ಅಳಿಸಿತ್ತು. ನಂಬರ್ ಹೊಡೆದೆ. ಬೆಳಿಗ್ಗೆ ನಾನೇ ಮಾಡಿದ್ದ ಪಾಲಿಸಿ ಪರದೆಯ ಮೇಲೆ ಬಂದು ಕೂತುಕೊಂಡಿತು, ಕೆಳಗೆ ನನ್ನದೇ ಏಜೆಂಟ್ ಕೋಡ್.

“ಐತಾ ಅವ್ರಿಗೆ?”

“ನೆನ್ನೆ ಇರ್ಲಿಲ್ಲ. ಇವತ್ತೈತೆ.”

“ಇವತ್ಯಾರು ಮಾಡ್ಕೊಟ್ಟೋರು?”

“ನಾನೇ.”

ಹೊಗೆ ಮೆಷಿನ್ ಹತ್ತಿರ ಬಗ್ಗಿದ್ದ ಓನರ್ ಅಣ್ಣ ಅಲ್ಲಿಂದಲೇ ತಲೆ ಎತ್ತಿದರು. ಆ ಸಾವ್ಕಾರ್ರದು ಎರಡು ಪಿಕಪ್, ಒಂದು ಟ್ರಾಕ್ಟರ್, ಒಂದು ಕಾರು, ಎಲ್ಲದಕ್ಕೂ ಹೊಗೆ ಪರೀಕ್ಷೆ ನಮ್ಮಲ್ಲೇ. ಅಣ್ಣ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದರು. ಆಮೇಲೆ ಕೇಳಿದರು, “ಕಂಪ್ಲೇಂಟ್ ಕೊಟ್ಟಿದ್ದೀರಾ ತಾಯಿ?”

“ಎಲ್ಲಿ? ಮಾತಾಡ್ಕೊಳ್ಳವ ಅಂದ್ರು, ಊರೋರೂ ಹಂಗೇ ಅಂದ್ರು.”

ನಮ್ಮ ಕಡೆ ಆಕ್ಸಿಡೆಂಟ್ ಆದರೆ ಮೊದಲು ಗಾಡಿ ನಿಲ್ಲುತ್ತದೆ, ಆಮೇಲೆ ಜನ ನಿಲ್ಲುತ್ತಾರೆ, ಆಮೇಲೆ ಟೀ ಬರುತ್ತದೆ, ಮಾತು ಶುರುವಾಗುತ್ತದೆ. ಸ್ಟೇಷನ್ನಿಗೆ ಹೋಗುವುದು ಮಾತು ಮುರಿದ ಮೇಲೆ. ಅಲ್ಲಿಯವರೆಗೂ ಗುದ್ದಿದ್ದು ಯಾವತ್ತು ಅನ್ನುವುದು ಕಾಗದಕ್ಕೆ ಬಂದಿರುವುದಿಲ್ಲ. ಇನ್ಶೂರೆನ್ಸ್ ಇಲ್ಲದವರಿಗೆ ಇರುವ ಸಂದಿ ಅದೇ. ಇವತ್ತು ಪಾಲಿಸಿ ಮಾಡಿಸಿ, ಇವತ್ತೇ ಗುದ್ದಿತು ಅಂತ ಬರೆಸಿದರೆ ಮುಗಿಯಿತು.

“ಅಮ್ಮಿ,” ಅಂದರು ಅಣ್ಣ, “ಪಾಲಿಸಿ ಮಾಡ್ದೋಳು ನೀನು. ಇದ್ರಲ್ಲಿ ಸುಳ್ ಕ್ಲೈಮ್ ಬಂದ್ರೆ ನಮ್ ಕೋಡ್ ಬ್ಲಾಕ್ ಆಯ್ತದೆ. ಈವಮ್ಮನ ಜೊತೆ ಸ್ಟೇಷನ್‌ಗೆ ಹೋಗು. ನೆನ್ನೇದು ನೆನ್ನೇದು ಅಂತ ಬರ‍್ಸು. ಬಾಯಿ ಮಾತ್ರ ಒಸಿ ಕಮ್ಮಿ ಬಿಡು.”

ಸ್ಟೇಷನ್ನಿನಲ್ಲಿ ನಾನು ಬಾಯಿ ಬಿಡಲೇ ಇಲ್ಲ. ಅಂದರೆ, ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳದೇ ಇದ್ದದ್ದಕ್ಕೂ ಸ್ವಲ್ಪ ಕೊಟ್ಟೆ. ಆಕ್ಸಿಡೆಂಟ್ ಆದವರು ಸೇರಿದ್ದಾರೆ ಅಂತ ಆಸ್ಪತ್ರೆಯಿಂದ ಮೆಮೊ ಬಂದಿತ್ತಂತೆ. ಹೆಡ್ ಕಾನ್‌ಸ್ಟೇಬಲ್ ದೂರು ಬರೆದುಕೊಂಡರು. ಅಕ್ಕ ಸಹಿ ಹಾಕಲು ಪೆನ್ನು ಹಿಡಿದಾಗ ಅವರ ಫೋನ್ ಬಡಿದುಕೊಂಡಿತು. ಸಾವ್ಕಾರ್ರು. ಅಕ್ಕ ಮಾತು ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

“ಆಸ್ಪತ್ರೆಗೆ ಬತ್ತಾವ್ರಂತೆ. ಒಸಿ ತಡೀರಿ ಅಂದ್ರು.”

“ತಡ್ಕೊಳ್ಳಿ,” ಅಂದರು ಹೆಡ್ ಕಾನ್‌ಸ್ಟೇಬಲ್. “ನಂಗೇನು, ಮೆಮೊ ಮೇಲೆ ಗಾಡಿ ತಂದು ನಿಲ್ಲುಸ್ತೀನಿ. ನಾಳೆ ಬಂದು ಸೈನ್ ಹಾಕಿ.”

ನನಗೆ ಎಷ್ಟು ಕೋಪ ಬಂತೆಂದರೆ ಆಟೋದಲ್ಲಿ ಆಸ್ಪತ್ರೆ ತಲುಪುವವರೆಗೂ ಮಾತಾಡಲಿಲ್ಲ. ಅದು ನನ್ನ ಜೀವಮಾನದ ದಾಖಲೆ.

ವಾರ್ಡಿನಲ್ಲಿ ಸಾವ್ಕಾರ್ರು ಎಳನೀರು ಹಿಡಿದು ನಿಂತಿದ್ದರು. ಮಂಚದ ಮೇಲೆ ಅಕ್ಕನ ಗಂಡ, ಕಾಲಿಗೆ ಕಟ್ಟು, ಎಕ್ಸ್‌ರೇ ಹಾಳೆಯ ಕವರ್ ತಲೆದಿಂಬಿನ ಕೆಳಗೆ. ನನ್ನನ್ನು ನೋಡಿ ಸಾವ್ಕಾರ್ರ ಮುಖ ಒಂದು ಗಳಿಗೆ ಸೊಟ್ಟಗಾಯಿತು, ಆಮೇಲೆ ಸರಿಹೋಯಿತು.

“ನೀನೂ ಬಂದ್ಯಾ ಅಮ್ಮಿ? ಒಳ್ಳೇದಾಯ್ತು, ನೀನೇ ಹೇಳು ಇವ್ರಿಗೆ. ನೋಡು ತಂಗಿ, ನಾನ್ ಕೈಯಿಂದ ಎಷ್ಟಂತ ಕೊಡ್ಲಿ? ಕಂಪ್ನಿ ಆದ್ರೆ ನಾನ್ ಕೊಡೋ ಹತ್ತರಷ್ಟು ಕೊಡ್ತದೆ. ನೀನೇನೂ ಮಾಡ್ಬೇಡ. ಇವತ್ ಬೆಳಿಗ್ಗೆ ಗುದ್ದುದ್ರು ಅಂತ ಒಂದ್ ಮಾತು. ಒಂದ್ ರಾತ್ರಿ ಆಚೀಚೆ, ಅಷ್ಟೇ. ನಿಂಗೂ ಆಯ್ತು, ನಂಗೂ ಆಯ್ತು. ಯಾರಪ್ಪನ್ ಮನೆ ಗಂಟು ಹೋಯ್ತದೆ?”

ನಿಜ ಹೇಳುತ್ತೇನೆ, ಅಕ್ಕನ ಮುಖದಲ್ಲಿ ಆಸೆ ಕಾಣಿಸಿತು. ಐವತ್ತಕ್ಕೂ ಹೆಚ್ಚು ಕುರಿ ಕೊಟ್ಟಿಗೆಯಲ್ಲೇ ಉಳಿಯುವ ಮಾತದು. ಅವರು ನನ್ನ ಕಡೆ ತಿರುಗಿದರು.

“ಹಂಗ್ ಹೇಳುದ್ರೆ ಬತ್ತದಾ?”

ಬಾಯಿ ಕಮ್ಮಿ ಬಿಡು ಅಂದಿದ್ದರು ಅಣ್ಣ. ನಾನು ತಲೆದಿಂಬಿನ ಕೆಳಗಿನ ಕವರ್ ಎಳೆದು, ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದೆ. ಮೂಲೆಯಲ್ಲಿ ಹೆಸರು, ವಯಸ್ಸು, ತಾರೀಖು, ಗಂಟೆ, ಎಲ್ಲ ಬೆಳ್ಳಗೆ ಅಚ್ಚಾಗಿತ್ತು.

“ಇದು ನೆನ್ನೆ ಸಂಜೆ ತೆಗ್ದಿದ್ದು ಅಕ್ಕ. ಕ್ಲೈಮ್ ಹಾಕುದ್ರೆ ಕಂಪ್ನಿ ಕಡೆಯಿಂದ ಒಬ್ರು ಬತ್ತಾರೆ, ಮೊದ್ಲು ಕೇಳದೇ ಇದ್ನ. ಆಮೇಲೆ ಕಂಪ್ನಿನೂ ಕೊಡಲ್ಲ. ನಿಮ್ಮೇಲೂ ಕೇಸ್ ಆಯ್ತದೆ. ಆಗ ಸಾವ್ಕಾರ್ರನ್ನ ಕೇಳಕ್ಕೂ ಬಾಯಿ ಇರಲ್ಲ.”

ಸಾವ್ಕಾರ್ರು ಎಕ್ಸ್‌ರೇ ನೋಡಿದರು. ಮುರಿದ ಮೂಳೆ ನೋಡಿದರೋ ತಾರೀಖು ನೋಡಿದರೋ ತಿಳಿಯಲಿಲ್ಲ. ಅಕ್ಕನ ಗಂಡ ಮಲಗಿದ್ದಲ್ಲಿಂದಲೇ ಅಂದರು, “ಅಲ್ಲ ಸಾವ್ಕಾರ್ರೇ, ಕಾಲು ಇವತ್ ಮುರೀತು ಅಂತೀರಿ. ಹಂಗಾರೆ ನೆನ್ನೆ ನಿಮ್ ಗಾಡೀಲಿ ಅಷ್ಟುದ್ದ ಕಿರುಚ್ಕೊಂಡಿದ್ದು ನಾನ್ಯಾವ್ ಕಾಲ್ಗೆ?”

ಪಕ್ಕದ ಮಂಚದವನು ನಕ್ಕ. ಸಾವ್ಕಾರ್ರು ಎಳನೀರನ್ನು ಕಿಟಕಿಯ ಮೇಲಿಟ್ಟು ಹೊರಟರು.

ಮಾರನೇ ದಿನ ಅಕ್ಕ ದೂರಿಗೆ ಸಹಿ ಹಾಕಿದರು. ಎಫ್‌ಐಆರ್ ಆಯಿತು. ಅಷ್ಟರಲ್ಲಿ ಪಿಕಪ್ ಸ್ಟೇಷನ್ನಿನ ಅಂಗಳಕ್ಕೆ ಬಂದಿತ್ತು, ಲೋಡಿನ ಸಮೇತ. ಸಾವ್ಕಾರ್ರು ಬೇರೆ ಗಾಡಿ ತಂದು ಲೋಡು ಇಳಿಸಿಕೊಳ್ಳುವ ಹೊತ್ತಿಗೆ ಒಂದು ಹಗಲು ಕಳೆದಿತ್ತು, ಬಿಸಿಲಿಗೆ ಕಾಯಿ ಹಣ್ಣಾಗಿತ್ತು. ಇಡೀ ಸ್ಟೇಷನ್ ಮದುವೆ ಮನೆಯ ಹಾಗೆ ಘಮಘಮ ಅನ್ನುತ್ತಿತ್ತು. ಲಾಕಪ್ಪಿನಲ್ಲಿದ್ದವನೊಬ್ಬ ಇನ್ನೆರಡು ದಿನ ಇರುತ್ತೇನೆ ಅಂದನಂತೆ. ಇದನ್ನು ನಾನು ಕೇಳಿಲ್ಲ, ಆದರೆ ಅಂದೇ ಇರುತ್ತಾನೆ.

ಆಮೇಲಿನದ್ದು ಓಡಾಟ. ಸ್ಥಳದ ಮಹಜರು ಆಯಿತು. ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡಿದರು, ಬ್ರೇಕ್ ಸರಿ ಇತ್ತು. ಆ ಪಾಲಿಸಿ ಯಾವ ಗಳಿಗೆಗೆ ಮಾಡಿದ್ದು ಅಂತ ನನ್ನಿಂದ ಹೇಳಿಕೆ ತೆಗೆದುಕೊಂಡರು, ನಾನು ಅಂಗಡಿಯ ಶಟರ್ ಎತ್ತಿದಲ್ಲಿಂದ ಶುರು ಮಾಡಿದೆ. ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಪೆನ್ನು ಕೆಳಗಿಟ್ಟು, “ಅಮ್ಮಿ, ಇನ್ಶೂರೆನ್ಸ್‌ದು ಮಾತ್ರ ಹೇಳು, ನಿನ್ ಪ್ರಿಂಟ್ರು ಆರೋಪಿ ಅಲ್ಲ,” ಅಂದರು.

ಕೋರ್ಟಿನ ಹತ್ತಿರ ಮೋಟಾರು ಕೇಸು ನೋಡುವ ವಕೀಲರೊಬ್ಬರ ಬಳಿ ಅಕ್ಕನನ್ನು ಕರೆದುಕೊಂಡು ಹೋದೆ. ಮೇಡಮ್ ನಮ್ಮ ಕತೆ ಅರ್ಧ ಕೇಳಿ ಕೈ ಎತ್ತಿ ನಿಲ್ಲಿಸಿದರು. ಗುದ್ದಿದ ದಿನ ಇನ್ಶೂರೆನ್ಸ್ ಇರಲಿಲ್ಲ ಅಂದರೆ ಪರಿಹಾರ ಕೊಡಬೇಕಾದವರು ಮಾಲೀಕರೇ. ಟ್ರಿಬ್ಯೂನಲ್‌ನಲ್ಲಿ ಅರ್ಜಿ ಹಾಕಬೇಕು, ತೀರ್ಪಿಗೆ ವರ್ಷಗಳೇ ಆಗಬಹುದು. ಅಷ್ಟರಲ್ಲಿ ಮಾಲೀಕ ಗಾಡಿ ಮಾರಿ ಕೈ ತೊಳೆದುಕೊಂಡರೆ ತೀರ್ಪು ಕಾಗದವಾಗಿ ಉಳಿಯುತ್ತದೆ. ಅದಕ್ಕೇ ಒಂದು ನಿಯಮ ಇದೆ. ಇನ್ಶೂರೆನ್ಸ್ ಇಲ್ಲದ ಗಾಡಿ ಜನರಿಗೆ ಗಾಯ ಮಾಡಿದ್ದರೆ, ಮಾಲೀಕ ತಕ್ಕ ಭದ್ರತೆ ಕೊಡುವವರೆಗೂ ಕೋರ್ಟು ಗಾಡಿಯನ್ನು ಬಿಡಬಾರದು. ಮೂರು ತಿಂಗಳಾದರೂ ಕೊಡದೇ ಇದ್ದರೆ ಹರಾಜು, ಹಣ ಟ್ರಿಬ್ಯೂನಲ್‌ಗೆ.

“ಈಗ ನಿಮ್ಮ ಪಾಲಿಗೆ ಇನ್ಶೂರೆನ್ಸ್ ಅಂದ್ರೆ ಆ ಗಾಡಿನೇ,” ಅಂದರು ಮೇಡಮ್. “ನಮ್ದೇನೂ ತಕರಾರಿಲ್ಲ ಅಂತ ಯಾವ ಪೇಪರಿಗೂ ಸಹಿ ಹಾಕಬೇಡಿ.”

ಸಾವ್ಕಾರ್ರು ಸಹಿ ಕೇಳಿಕೊಂಡೇ ಬಂದರು, ಬಂದಿದ್ದು ನಮ್ಮ ಅಂಗಡಿಗೆ. ಬಿಳಿ ಅಂಗಿ ಆವತ್ತು ಸ್ವಲ್ಪ ಮಾಸಿತ್ತು. ಸೀಸನ್ ಇರುವುದೇ ಇನ್ನೊಂದು ತಿಂಗಳು, ಒಂದೇ ಪಿಕಪ್‌ನಲ್ಲಿ ತೋಪುಗಳಿಂದ ಕಾಯಿ ಸಾಗಿಸಲು ಆಗುತ್ತಿರಲಿಲ್ಲ. ಅಕ್ಕನನ್ನೂ ಕರೆಸಿದ್ದರು.

“ತಂಗಿ, ನಾನ್ ಮೋಸಗಾರ ಅಲ್ಲ. ಆ ತಾರೀಕಿನ್ ಮಾತು ಆಡ್ಬಾರ್ದಿತ್ತು, ಆಡ್ಬುಟ್ಟೆ. ಕಬ್ಬಾಳಿಗೆ ಹೋಗವ. ಅಮ್ಮನ ಮುಂದೆ ಕರ್ಪೂರ ಹಚ್ಚಿ ಆಣೆ ಇಡ್ತೀನಿ. ನಿನ್ ಗಂಡ ಎದ್ದು ಓಡಾಡೋವರ್ಗೂ ಖರ್ಚೆಲ್ಲ ನಂದು. ನೀನೊಂದ್ ಸೈನ್ ಹಾಕ್ಬುಡು, ಗಾಡಿ ಬುಡಿಸ್ಕೊತೀನಿ.”

ಇಲ್ಲಿ ನನ್ನ ಜಾಣತನವೆಲ್ಲ ನಿಂತಿತು. ನಮ್ಮ ಕಡೆಯವರು ಸ್ಟೇಷನ್ನಿನಲ್ಲಿ ಸುಳ್ಳು ಹೇಳಬಹುದು, ಮದುವೆ ಬ್ರೋಕರ್ ಹತ್ತಿರ ಖಂಡಿತ ಹೇಳುತ್ತಾರೆ. ಕಬ್ಬಾಳಮ್ಮನ ಮುಂದೆ ಕರ್ಪೂರ ಹಚ್ಚಿ ಯಾರೂ ಹೇಳುವುದಿಲ್ಲ. ಅಲ್ಲಿ ಆಣೆ ಆಯಿತು ಅಂದರೆ ವ್ಯಾಜ್ಯ ಮುಗಿಯಿತು, ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರೆ ಅಮ್ಮನನ್ನು ನಂಬಲಿಲ್ಲ ಅಂತ ಆಗುತ್ತದೆ. ಅಕ್ಕನ ಮೈದ ಒಪ್ಪಿದ, ಊರ ಹಿರಿಯರು ಒಪ್ಪಿದರು. ಓನರ್ ಅಣ್ಣ ಕೂಡ, “ಅದ್ಕಿಂತ ದೊಡ್ ಪಾಲಿಸಿ ಯಾವ್ ಕಂಪ್ನಿ ಕೊಡ್ತದೆ ಬುಡು,” ಅಂದರು. ಬೇಡ ಅನ್ನಲು ನನಗೂ ನಾಲಗೆ ಏಳಲಿಲ್ಲ. ಹಾಗಂದು ಮನೆಗೆ ಹೋದರೆ ನಮ್ಮಜ್ಜಿ ಅನ್ನ ಹಾಕುವುದಿಲ್ಲ.

ಅಕ್ಕ ಒಂದೇ ಮಾತು ಹೇಳಿದರು. “ಆಯ್ತು, ಬತ್ತೀನಿ. ಈ ಮಗೀನೂ ಬರ್ಲಿ. ಪೇಪರ್‌ನಾಗೆ ಏನ್ ಬರ‍್ದವ್ರೆ ಅಂತ ಓದಕ್ಕೆ.”

ಶುಕ್ರವಾರ ಸಾವ್ಕಾರ್ರ ಕಾರಿನಲ್ಲಿ ಹೋದೆವು. ಹತ್ತುವ ಮೊದಲು ಆ ಕಾರಿನ ನಂಬರನ್ನು ಫೋನಿನಲ್ಲಿ ಹೊಡೆದು ನೋಡಿದೆ. ಪಾಲಿಸಿ ಚಾಲ್ತಿಯಲ್ಲಿತ್ತು, ಆದ್ದರಿಂದ ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತೆ. ದೇವಸ್ಥಾನದ ಮುಂದೆ ಜನ ಬೇಕಾದಷ್ಟಿದ್ದರು. ಮೇಲೆ ದುರ್ಗದ ಬೆಟ್ಟದ ಬಂಡೆ ಬಿಸಿಲಿಗೆ ಕಾದು ಕೂತಿತ್ತು. ದರ್ಶನ ಮುಗಿಸಿ, ಹೊರಗೆ ಒಂದು ಪಕ್ಕಕ್ಕೆ ಬಂದು, ಸಾವ್ಕಾರ್ರು ಅಂಗೈಯಲ್ಲಿ ಕರ್ಪೂರ ಇಟ್ಟುಕೊಂಡರು. ಟೈಪ್ ಮಾಡಿಸಿದ್ದ ಪೇಪರ್ ನನ್ನ ಕೈಯಲ್ಲಿತ್ತು. ಗಾಡಿ ಬಿಡಲು ತಕರಾರಿಲ್ಲ, ಇಷ್ಟೇ ಅದರಲ್ಲಿದ್ದದ್ದು.

“ಹೇಳ್ಲಾ ತಂಗಿ?”

“ತಡೀರಿ,” ಅಂದರು ಅಕ್ಕ. “ಏನಂತ ಹೇಳ್ತೀರಿ, ಮೊದ್ಲು ಒಂದ್ಸತಿ ಬರೀ ಬಾಯಲ್ಲಿ ಹೇಳಿ.”

“ನಿನ್ ಗಂಡ ಎದ್ದು ಓಡಾಡೋವರ್ಗೂ ಖರ್ಚು ನಂದು ಅಂತ.”

“ಈ ವರ್ಸ ಮಾವು ಕೈ ಕೊಟ್ರೆ?”

“ಕೊಟ್ರೂ ನಂದೇ.”

“ನಿಮ್ಗೇ ಏನಾರ ಆದ್ರೆ? ಬುಡ್ತು ಅನ್ನಿ. ಆಗ?”

ಸಾವ್ಕಾರ್ರು ಅಂಗೈಯ ಕರ್ಪೂರವನ್ನು ನೋಡಿಕೊಂಡರು.

“ನಿಮ್ ಮಕ್ಳು ಕೊಡ್ತಾರೆ ಅಂತಲೂ ಸೇರ‍್ಸಿ ಹೇಳಿ. ಇಬ್ರು ಅವ್ರಲ್ಲ.”

“ಅದೆಂಗವ್ವ ಹೇಳ್ಲಿ?” ಅಂದರು ಸಾವ್ಕಾರ್ರು. ದನಿ ಸಣ್ಣಗಾಗಿತ್ತು. “ದೊಡ್ಡೋನು ಈಗ್ಲೇ ನನ್ ಮಾತು ಕೇಳಲ್ಲ. ನಾನಿಲ್ದೇ ಇದ್ಮೇಲೆ ಅವ್ನ್ ಕೊಡ್ತಾನೆ ಅಂತ ಅಮ್ಮನ್ ಮುಂದೆ ಹೇಳುದ್ರೆ ಸುಳ್ಳಾಣೆ ಆಯ್ತದೆ. ಅದೊಂದ್ ಬ್ಯಾಡ.”

“ಹಂಗಾರೆ ಆಣೆ ನಿಮ್ಮೊಬ್ರುದು.”

“ಆಣೆ ಅಂದ್ಮೇಲೆ ಒಬ್ರುದೇ ಅಲ್ವಾ?”

“ಹೂಂ. ಕಾಲು ನಮ್ ಮನೆಯೋರೆಲ್ಲರ್ದು,” ಅಂದರು ಅಕ್ಕ. “ನೀವ್ ಸುಳ್ ಹೇಳ್ತೀರ ಅಂತ ನಾನಂದಿಲ್ಲ. ನಿಮ್ ಮಾತು ನಿಮ್ ಜೀವ ಇರೋಗಂಟ. ಅದ್ಕೇ ಆ ಕರ್ಪೂರ ಹಚ್ಬ್ಯಾಡಿ. ಕೋರ್ಟಲ್ಲಿ ಅವ್ರು ಕೇಳದು ಇಟ್ಬುಡಿ, ಗಾಡಿ ತಕ್ಕೊಂಡೋಗಿ. ನಾನ್ ಅಡ್ಡ ಬರಲ್ಲ.”

ಕಂಪನಿ ಅಂದರೇನು ಅಂತ ತರಬೇತಿಯಲ್ಲಿ ಎಷ್ಟೋ ಸ್ಲೈಡು ತೋರಿಸಿದ್ದರು. ಮಾತು ಕೊಟ್ಟ ಮನುಷ್ಯ ಹೋದರೂ ಮಾತು ಉಳಿಯಬೇಕು, ಅದಕ್ಕೆ ಜನ ದುಡ್ಡು ಕಟ್ಟುತ್ತಾರೆ ಅಂತ ನನಗೆ ಅರ್ಥವಾಗಿದ್ದು ಆವತ್ತು. ಆ ಭಾಗಕ್ಕೆ ಬಹುಶಃ ನಿದ್ದೆ ಹೋಗಿದ್ದೆ.

ಸಾವ್ಕಾರ್ರು ಕರ್ಪೂರವನ್ನು ಹಚ್ಚದೇ ಹುಂಡಿಯ ಪಕ್ಕದ ತಟ್ಟೆಗೆ ಹಾ‍ಕಿ ಬಂದು, ಮೆಟ್ಟಿಲ ಮೇಲೆ ಕೂತರು. “ನನ್ ಕಷ್ಟಾನೂ ಒಸಿ ನೋಡವ್ವ,” ಅಂದರು. ಅಕ್ಕ ಪ್ರಸಾದದಲ್ಲಿ ಅರ್ಧ ಅವರಿಗೆ ಕೊಟ್ಟು, “ನೋಡ್ತಾನೇ ಇವ್ನಿ,” ಅಂದರು. ಟೈಪ್ ಮಾಡಿದ್ದ ಪೇಪರಿನಲ್ಲಿ ನಾನು ಪ್ರಸಾದ ಕಟ್ಟಿಕೊಂಡೆ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ನಿಮಗೆ ಕೋರ್ಟು ಗೊತ್ತಿಲ್ಲ. ಸಾವ್ಕಾರ್ರು ಭದ್ರತೆಗೆ ಅಂತ ತಮ್ಮ ತೋಪಿನ ಪಹಣಿ ಇಟ್ಟರು. ಪಹಣಿ ಅಣ್ಣತಮ್ಮಂದಿರಿಬ್ಬರ ಹೆಸರಲ್ಲಿ ಜಂಟಿಯಾಗಿತ್ತು, ಅರ್ಜಿ ವಾಪಸ್ ಬಂತು. ತಮ್ಮನ ಒಪ್ಪಿಗೆ ಬೇಕು. ತಮ್ಮ ಮಾಗಡಿಯಲ್ಲಿ, ಇಬ್ಬರಿಗೂ ಮಾತಿರಲಿಲ್ಲ. ಈ ನೆಪದಲ್ಲಿ ಸಾವ್ಕಾರ್ರು ಮಾಗಡಿಗೆ ಹೋಗಿ, ಮೊದಲು ಜಗಳ ಆಡಿ, ಆಮೇಲೆ ಊಟ ಮಾಡಿ, ಆಮೇಲೆ ಸಹಿ ಹಾಕಿಸಿಕೊಂಡು ಬಂದರು. ಅಷ್ಟರಲ್ಲಿ ಬಾದಾಮಿ ಹಣ್ಣು ಮುಗಿದು ಮಾರ್ಕೆಟ್ಟಿಗೆ ತೋತಾಪುರಿ ಬಂದಿತ್ತು.

ಸಾವ್ಕಾರ್ರು ಎರಡನೇ ಸಲ ಅರ್ಜಿ ಹಾಕುವಷ್ಟರಲ್ಲಿ ಮೇಡಮ್ ನಮ್ಮ ಕಡೆಯಿಂದ ಮೊದಲೇ ಒಂದು ಅರ್ಜಿ ಹಾಕಿದ್ದರು. ಗುದ್ದಿದ ದಿನ ಪಾಲಿಸಿ ಇರಲಿಲ್ಲ, ಭದ್ರತೆ ಇಲ್ಲದೆ ಗಾಡಿ ಬಿಡಬಾರದು ಅಂತ. ಅದರ ಜೊತೆ ನಾನು ಮಾಡಿದ ಪಾಲಿಸಿಯ ಪ್ರತಿಯೂ ಇತ್ತು. ಪಹಣಿ ಒಪ್ಪಿಗೆಯಾಯಿತು. ತೋಪನ್ನು ಮಾರುವುದಿಲ್ಲ, ಕೇಸು ಮುಗಿಯುವವರೆಗೂ ಗಾಡಿಯನ್ನು ಪರಭಾರೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು, ಗಾಡಿಯ ಫೋಟೊ ತೆಗೆಸಿ ಬಿಟ್ಟರು. ಕೋರ್ಟಿನಿಂದ ಹೊರಗೆ ಬಂದ ಸಾವ್ಕಾರ್ರು ಅಕ್ಕನನ್ನು ದಾಟಿಕೊಂಡು ನನ್ನ ಹತ್ತಿರ ಬಂದು, “ಟ್ರಾಕ್ಟರ್‌ದು ಯಾವಾಗ ಮುಗೀತದೆ ನೋಡ್ ಹೇಳಮ್ಮಿ,” ಅಂದರು. ನೋಡಿದೆ. ಮುಗಿದು ನಾಲ್ಕು ತಿಂಗಳಾಗಿತ್ತು.

ಟ್ರಿಬ್ಯೂನಲ್ ಅರ್ಜಿಗೆ ಅಕ್ಕ ಮತ್ತು ಅವರ ಗಂಡ ಇಬ್ಬರೂ ಸಹಿ ಹಾಕಬೇಕಿತ್ತು. ಮೇಡಮ್ ಪೇಪರ್ ಕೊಟ್ಟು ನನ್ನನ್ನೇ ಹಳ್ಳಿಗೆ ಕಳಿಸಿದರು. ನಾನು ಹೋದಾಗ ಅಂಗಳದಲ್ಲಿ ಕುರಿ ವ್ಯಾಪಾರಿಯೊಬ್ಬ ನಿಂತಿದ್ದ. ಮೈದ ಕರೆಸಿದ್ದನಂತೆ. ಅಕ್ಕನ ಗಂಡ ಜಗಲಿಯ ಮೇಲೆ ಕಾಲು ಚಾಚಿ ಕೂತು, ಆ ವ್ಯಾಪಾರಿ ಒಂದೊಂದು ಕುರಿಯ ಬೆನ್ನು ಒತ್ತಿ ನೋಡುವುದನ್ನು ನೋಡುತ್ತಿದ್ದರು.

“ಎಲ್ಲಾ ಒಟ್ಗೆ ಕೊಟ್ರೆ ಒಳ್ಳೇ ರೇಟ್ ಮಾಡ್ಕೊಡ್ತೀನಿ ಕಣಮ್ಮ,” ಅಂದ ವ್ಯಾಪಾರಿ. “ಯಜಮಾನ್ರು ಹಿಂಗವ್ರೆ. ಯಾರು ಮೇಯ್ಸೋರು?”

“ನಾನ್ ಮೇಯ್ಸ್ತೀನಿ.”

“ಆಮೇಲಿನ್ ಆಪ್ರೇಸನ್ನು?” ಅಂದ ಮೈದ.

“ಅದ್ಕೆ ಕೋರ್ಟಲ್ಲಿ ತೋಪೈತೆ. ಕುರಿ ಯಾಕೆ ಮಾರ್ಬೇಕು?”

ವ್ಯಾಪಾರಿ ಇನ್ನೊಂದು ರೇಟು ಹೇಳಿದ. ಅಕ್ಕ ಕೇಳಿಸಿಕೊಳ್ಳದೆ ದಡಿ ತೆಗೆದುಕೊಂಡು ತಡಿಕೆ ಸರಿಸಿದರು. ಮಂದೆ ಒಮ್ಮೆಗೇ ನುಗ್ಗಿತು, ವ್ಯಾಪಾರಿ ಗೋಡೆಗೆ ಅಂಟಿಕೊಂಡ. ಜಗಲಿಯ ಮೇಲಿದ್ದ ಅಕ್ಕನ ಗಂಡ ಆವತ್ತು ಮೊದಲ ಸಲ ದೊಡ್ಡದಾಗಿ ಬಾಯಿ ಬಿಟ್ಟರು. “ಲೇ, ಆ ಕಪ್ ಮರಿ ಎಡಕ್ಕೆ ಹೋಯ್ತದೆ ನೋಡ್ಕೊಳ್ಲೇ.” ಅದನ್ನು ಹೆಂಡತಿಗೆ ಅಂದರೋ ತಮ್ಮನಿಗೆ ಅಂದರೋ ಗೊತ್ತಾಗಲಿಲ್ಲ. ಓಡಿದವನು ಮಾತ್ರ ತಮ್ಮ.

ನಾನು ಮೊದಲು ಜಗಲಿಯಲ್ಲಿ ಒಂದು ಸಹಿ ತೆಗೆದುಕೊಂಡೆ. ಅಷ್ಟರಲ್ಲಿ ಅಕ್ಕ ದಿಬ್ಬ ದಾಟುತ್ತಿದ್ದರು.

“ಅಕ್ಕ, ನಿಮ್ದೊಂದ್ ಸೈನ್ ಆಗ್ಬೇಕು.”

“ಅಂಗೇ ಬಾ. ಅವು ನಿಲ್ಲಲ್ಲ.”

ಹಿಂದೆ ಓಡಿದೆ. ಸುಮಾರು ಮೈಸೂರಿನವರೆಗೂ ಓಡಿದೆ ಅನ್ನಬಹುದು, ಅಷ್ಟು ಸುಸ್ತಾಗಿತ್ತು. ಹಿಂದೆ ಬಿದ್ದಿದ್ದ ಒಂದು ಕುರಿ ಜೆರಾಕ್ಸಿನ ಮೂಲೆಯನ್ನು ಕಚ್ಚಿ ನೋಡಿ, ಚೆನ್ನಾಗಿಲ್ಲ ಅಂತ ಬಿಟ್ಟಿತು. ಪೇಪರ್ ಇಡಲು ಎಲ್ಲೂ ಜಾಗ ಇರಲಿಲ್ಲ. ನಾನು ಬಗ್ಗಿ ನಿಂತೆ. ಅಕ್ಕ ನನ್ನ ಬೆನ್ನಿನ ಮೇಲೆ ಹಾಳೆ ಹರಡಿ, ಒಂದೊಂದೇ ಅಕ್ಷರ ಒತ್ತಿ ಒತ್ತಿ ತಮ್ಮ ಹೆಸರು ಬರೆದರು. ಪೆನ್ನು ನನ್ನ ಕೈಗೆ ಕೊಟ್ಟು, ಬಾಯಲ್ಲಿ ಒಂದು ಸಿಳ್ಳೆ ಹಾಕಿ, ಕುರಿಗಳ ಹಿಂದೆ ಇಳಿದು ಹೋದರು.